ಮೊಳೆಯಿಲ್ಲದ ಸೀಟು

ಊರಿಗೆಲ್ಲ ಅಳತೆ ತೆಗೆಯುವ ಮನೆಯವರು ತಮ್ಮ ಗೇಟಿನ ಅಳತೆ ತೆಗೆದಿರಲಿಲ್ಲ. ವ್ಯಾನು ಬಂದು ಮನೆಯ ಮುಂದೆ ನಿಂತಾಗಲೇ ಅದು ಒಳಗೆ ಹೋಗುವುದಿಲ್ಲವೆಂದು ಗೊತ್ತಾದದ್ದು. ಮಗ ಎರಡೂ ಕಡೆಯ ಕನ್ನಡಿ ಮಡಚಿ ಮೂರು ಸಲ ಹಿಂದೆ ಮುಂದೆ ಮಾಡಿದ. ಅಜ್ಜಿ ಜಗಲಿಯ ಮೇಲೆ ನಿಂತು, "ಗೋಡೆ ಒಡಿಯೋದೋ ಗಾಡಿ ಒಡಿಯೋದೋ ಬೇಗ ತೀರ್ಮಾನ ಮಾಡು, ಅನ್ನ ಆರ್ತಿದೆ" ಎಂದಳು. ಕೊನೆಗೆ ಗೇಟನ್ನೇ ಕಿತ್ತು ಗೋಡೆಗೆ ಒರಗಿಸಿದರು.

ಬಿಳಿ ಬಣ್ಣದ, ಎತ್ತರದ, ಒಳಗೆ ತಲೆ ಬಗ್ಗಿಸದೆ ನಿಲ್ಲಬಹುದಾದ ದೊಡ್ಡ ವ್ಯಾನು. ಹಿಂದೆ ಯಾವುದೋ ಲಾಂಡ್ರಿಯವರ ಬಳಿ ಇತ್ತಂತೆ, ಬಾಗಿಲು ತೆಗೆದರೆ ಇನ್ನೂ ಸೋಪಿನ ವಾಸನೆ. ಮುಂದೆ ಮೂವರು ಕೂರುವ ಸೀಟು, ಅದರ ಹಿಂದೆ ಬರೀ ತಗಡು. ಒಂಬತ್ತು ವರ್ಷದ ಮೊಮ್ಮಗಳು ಚಿಣ್ಣಿ ಒಳಗೆ ಓಡಾಡಿ ಬಂದು ಅದಕ್ಕೆ 'ಆನೆ' ಎಂದು ಹೆಸರಿಟ್ಟಳು.

ಮಗ ಜನರ ಅಡುಗೆಮನೆಗಳಿಗೆ ಕಪಾಟು ಮಾಡಿ ಕೂರಿಸುವವನು. ಇಷ್ಟು ವರ್ಷ ಬಾಡಿಗೆ ಗಾಡಿಯವರ ಮರ್ಜಿ ಕಾಯ್ದಿದ್ದ. ವಾರದಲ್ಲಿ ಆರು ದಿನ ವ್ಯಾನು ಕೆಲಸಕ್ಕೆ, ಏಳನೇ ದಿನ ಮನೆಯವರಿಗೆ ಎಂಬ ಒಪ್ಪಂದದ ಮೇಲೆ ಅದು ಬಂದಿತ್ತು. ಆ ಏಳನೇ ದಿನಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಾದಿದ್ದವಳು ಸೊಸೆ. ಅವಳ ತವರು ಬೆಟ್ಟದ ಆಚೆ, ಆರು ಗಂಟೆಯ ದಾರಿ. ಮೂರು ಬಸ್ಸು ಬದಲಿಸಬೇಕು. ಅತ್ತೆಯ ಮೊಣಕಾಲು, ಮಗಳ ಶಾಲೆ, ಗಂಡನ ಕೆಲಸ ಎಂದು ಮೂರು ವರ್ಷದಿಂದ ಹೋಗಿರಲಿಲ್ಲ. ಈಗ ತಂಗಿಗೆ ಒಂಬತ್ತನೇ ತಿಂಗಳು ಹತ್ತಿರವಾಗಿತ್ತು. ಮಗು ಹುಟ್ಟಿದ ವಾರವೇ ಎಲ್ಲರೂ ವ್ಯಾನಿನಲ್ಲಿ ಹೋಗುವುದು ಎಂದು ಮಾತಾಗಿತ್ತು.

ಹಿಂದಿನ ಸೀಟು ಹೇಗಿರಬೇಕು ಎಂಬಲ್ಲಿ ಅಪ್ಪ ಮಗನಿಗೆ ಜಗಳ ಹತ್ತಿತು. ಗುಜರಿಯಿಂದ ಯಾವುದಾದರೂ ಬಸ್ಸಿನ ಕಬ್ಬಿಣದ ಸೀಟು ತಂದು, ತಗಡಿಗೆ ತೂತು ಹೊಡೆದು ಬೋಲ್ಟು ಹಾಕೋಣವೆಂದು ಮಗ. ಅಪ್ಪ ಎಂದರೆ ಉಳಿಯಜ್ಜ. ಅವನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಐವತ್ತು ವರ್ಷ ಮೊಳೆ ಹೊಡೆಯದೆ ಮರಕ್ಕೆ ಮರ ಕೂಡಿಸಿ ಬಾಗಿಲು, ಮಂಚ, ಮೆಟ್ಟಿಲು ಮಾಡಿದವನು. ಎರಡು ವರ್ಷದ ಹಿಂದೆ ಬಲಗೈ ನಡುಗಲು ಶುರುವಾದಾಗ ಮಗ ಅವನನ್ನು ಯಂತ್ರದ ಹತ್ತಿರ ಸುಳಿಯಗೊಡಲಿಲ್ಲ. ಅಂದಿನಿಂದ ಜಗಲಿಯ ಮೇಲೆ ಕೂತು ಪೇಪರಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ.

"ತಗಡಿಗೆ ತೂತು ಹೊಡೆದ ದಿನದಿಂದ್ಲೇ ತುಕ್ಕು ಶುರು," ಎಂದ ಅಜ್ಜ. "ಮರ ಮರಾನ ಹಿಡ್ಕೊಳ್ಳುತ್ತೆ. ಕಬ್ಬಿಣ ಯಾರನ್ನೂ ಹಿಡ್ಕೊಳ್ಳಲ್ಲ."

ಮಗ ಸೋತ. ಸೋತ ಎನ್ನುವುದಕ್ಕಿಂತ ಬಿಟ್ಟುಕೊಟ್ಟ ಎನ್ನಬೇಕು. ಅಪ್ಪ ಎರಡು ವರ್ಷದ ಮೇಲೆ ಟೇಪು ಹಿಡಿದು ಎದ್ದದ್ದನ್ನು ನೋಡಿ ಅವನಿಗೆ ಬೇಡ ಎನ್ನುವುದಕ್ಕೆ ಬಾಯಿ ಬರಲಿಲ್ಲ.

ಮೂರು ವಾರ ಅಂಗಳದಲ್ಲಿ ಮರದ ಹೊಟ್ಟು ಹಾರಿತು. ಟೀ ಲೋಟ ಹಿಡಿದರೆ ನಡುಗುವ ಕೈ ಉಳಿ ಹಿಡಿದಾಗ ಸುಮ್ಮನಿರುತ್ತಿತ್ತು. ಅಜ್ಜ ದಪ್ಪ ಹಲಗೆಯನ್ನು ವ್ಯಾನಿನ ನೆಲಕ್ಕೆ ಸರಿಯಾಗಿ, ಗೋಡೆಯಿಂದ ಗೋಡೆಗೆ ಕೂದಲೂ ನುಸುಳದಂತೆ ಕತ್ತರಿಸಿ ಹಾಸಿದ. ಎರಡೂ ಬದಿಗೆ ಗಟ್ಟಿ ಮರದ ಬೆಣೆ ಹೊಡೆದು ಬಿಗಿದ. ಆ ಹಲಗೆಯಿಂದಲೇ ಮೂವರು ಕೂರುವ ಸೀಟು ಎದ್ದಿತು. ಕೆಳಗೆ ಸಾಮಾನಿಡುವ ಪೆಟ್ಟಿಗೆ, ಹಿಂದೆ ಗರಗಸ, ಉಳಿ, ಡ್ರಿಲ್ಲು ಇಡುವ ಗೂಡುಗಳು. ಎಲ್ಲೂ ಒಂದು ಮೊಳೆಯಿಲ್ಲ. ಕಬ್ಬಿಣ ಅಂತ ಇದ್ದದ್ದು ಸೀಟಿನ ಚೌಕಟ್ಟಿಗೆ ಸಿಕ್ಕಿಸಿದ ಮೂರು ಬೆಲ್ಟುಗಳ ಕೊಂಡಿ ಮಾತ್ರ. ಬೀದಿಯವರೆಲ್ಲ ಬಂದು ಕೈಯಾಡಿಸಿ ಹೊಗಳಿದರು. ಅಜ್ಜಿ ಒಬ್ಬಳೇ, "ನಮ್ಮ ಮನೆ ಅಡುಗೆಮನೆ ಕಪಾಟಿನ ಬಾಗಿಲು ಮುರಿದು ಆರು ತಿಂಗಳಾಯ್ತು, ಆನೆಗೆ ಅಂಬಾರಿ" ಎಂದು ಗೊಣಗಿದಳು.

ಮೊದಲ ಭಾನುವಾರ ಊರಾಚೆಯ ಕೆರೆಗೆ ಹೋದರು. ಅಜ್ಜ ಮಗನ ಪಕ್ಕದಲ್ಲಿ ರಾಜನ ಹಾಗೆ. ಹಿಂದೆ ಅಜ್ಜಿ, ಸೊಸೆ, ನಡುವೆ ಚಿಣ್ಣಿ. ರೈಲ್ವೆ ಗೇಟಿನ ಬಳಿ ಮಗ ಬ್ರೇಕು ಹಾಕಿದಾಗ ಸೊಸೆಗೆ ಒಂದು ಸದ್ದು ಕೇಳಿತು. ಕೇಳುವ ಮೊದಲು ಹಿಮ್ಮಡಿಗೆ ತಿಳಿಯಿತು. ಟಕ್. ಸಣ್ಣ ಸದ್ದು, ಯಾರೋ ಕೆಳಗಿನಿಂದ ಒಂದು ಬೆರಳಿನಲ್ಲಿ ಬಡಿದ ಹಾಗೆ. ಮುಂದಿನ ಸರ್ಕಲ್ಲಿನಲ್ಲಿ ಮತ್ತೆ ಟಕ್. ಮುಂದೆ ಕೂತ ಗಂಡಸರಿಗೆ ಇಂಜಿನ್ನಿನ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಅವಳು ಒಂಬತ್ತು ಸಲ ಎಣಿಸಿದ್ದಳು.

ಮಾರನೇ ದಿನ ಬಟ್ಟೆ ಒಣಹಾಕುತ್ತ ಗಂಡನಿಗೆ ಹೇಳಿದಳು. ಹೊಸ ಮರ ಸ್ವಲ್ಪ ದಿನ ಮಾತಾಡುತ್ತೆ, ಆಮೇಲೆ ಸುಮ್ಮನಾಗುತ್ತೆ ಎಂದ ಅವನು. ಆ ಮಾತು ಮಾವನದೆಂದು ಅವಳಿಗೆ ಕೇಳದೆಯೇ ಗೊತ್ತಾಯಿತು.

ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದವಳು. ದಿನಕ್ಕೆ ನಾನೂರು ಅಂಗಿ ತಿರುವಿ, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ದಾರ ಸಡಿಲ ಎಂದು ಹುಡುಕುವುದು ಅವಳ ಕಣ್ಣಿನ ಅಭ್ಯಾಸ. "ಹುಳುಕು ಹುಡುಕೋದಕ್ಕೇ ಇವಳಿಗೆ ಸಂಬಳ" ಎಂದು ಮನೆಯಲ್ಲಿ ಹಾಸ್ಯ. ಆದ್ದರಿಂದ ಅವಳು ಮತ್ತೆ ಬಾಯಿ ಬಿಡಲಿಲ್ಲ. ಮಗಳ ಕಂಪಾಸ್ ಬಾಕ್ಸಿನಿಂದ ಪೆನ್ಸಿಲ್ ತೆಗೆದು, ವ್ಯಾನಿನ ಪಕ್ಕದ ಬಾಗಿಲ ಬಳಿ, ಹಲಗೆ ತಗಡಿಗೆ ತಾಗುವಲ್ಲಿ ಒಂದು ಗೆರೆ ಎಳೆದಳು. ಅರ್ಧ ಹಲಗೆಯ ಮೇಲೆ, ಅರ್ಧ ತಗಡಿನ ಮೇಲೆ. ಹಲಗೆ ಅಲುಗದಿದ್ದರೆ ಗೆರೆ ಒಂದೇ ಆಗಿರಬೇಕು.

ಬುಧವಾರ ಗೆರೆಯ ಎರಡು ತುಂಡುಗಳ ನಡುವೆ ಒಂದು ದಾರದ ದಪ್ಪದಷ್ಟು ಅಂತರ ಬಿದ್ದಿತ್ತು. ಶನಿವಾರ ಸ್ಕೇಲು ಇಟ್ಟು ನೋಡಿದಳು, ಎರಡು ಮಿಲಿಮೀಟರ್. ವ್ಯಾನು ದಿನವಿಡೀ ಗಿರಾಕಿಗಳ ಮನೆ ಮುಂದೆ ಬಿಸಿಲಲ್ಲಿ ಬಾಗಿಲು ಮುಚ್ಚಿಕೊಂಡು ನಿಲ್ಲುತ್ತಿತ್ತು. ಒಳಗೆ ಮರ ಒಣಗಿ ಕುಗ್ಗುತ್ತಿದೆ, ಬೆಣೆ ಸಡಿಲಾಗುತ್ತಿದೆ. ಬೆಲ್ಟು ಸೀಟಿಗೆ, ಸೀಟು ಹಲಗೆಗೆ, ಹಲಗೆ ಯಾವುದಕ್ಕೂ ಅಲ್ಲ. ಇದನ್ನು ಅವಳು ಅಂದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಅರ್ಥ ಮಾಡಿಕೊಂಡಳು. ತವರಿನ ದಾರಿಯಲ್ಲಿ ಎಷ್ಟು ತಿರುವುಗಳಿವೆಯೆಂದು ಅವಳಿಗೆ ಬಾಯಿಪಾಠವಿತ್ತು.

ಎರಡನೇ ಭಾನುವಾರ ಮಾರುಕಟ್ಟೆಗೆ ಹೊರಟಾಗ ಅಜ್ಜಿ ಮೊಣಕಾಲು ಹಿಡಿದುಕೊಂಡು ತಾನು ಬರಲಾರೆನೆಂದಳು. ಚಿಣ್ಣಿ ಹಿಂದೆ ಕೂತರೆ ವಾಂತಿ ಬರುತ್ತದೆಂದು ಹಟ ಹಿಡಿದು ಮುಂದೆ ಅಜ್ಜನ ಪಕ್ಕ ಸೇರಿಕೊಂಡಳು. ಬಸ್ಸಿನಲ್ಲಿ ಕಡಲೆ ತಿನ್ನುತ್ತ ಕೂರುವ ಹುಡುಗಿಗೆ ಎಲ್ಲಿಯ ವಾಂತಿ? ಸಂಜೆ ಜಡೆ ಬಿಚ್ಚುವಾಗ ತಾಯಿ ಮೆಲ್ಲಗೆ ವಿಚಾರಿಸಿದಳು. ಚಿಣ್ಣಿ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಅಜ್ಜಂಗೆ ಹೇಳ್ಬೇಡಮ್ಮ. ಆ ಸೀಟು ನನ್ನ ಹಿಂದಿಂದ ತಳ್ಳುತ್ತೆ."

ತನ್ನ ಭಯ ತನ್ನೊಳಗೇ ಇದ್ದಷ್ಟು ದಿನ ಸೊಸೆ ಅದನ್ನು ಹುಚ್ಚು ಎನ್ನಬಹುದಿತ್ತು. ಬಾಚಣಿಗೆ ಕೈಯಲ್ಲೇ ನಿಂತಿತು.

ಮಾತು ಹೊರಬಿದ್ದದ್ದು ಮಂಗಳವಾರ ಊಟಕ್ಕೆ ಕೂತಾಗ. ಅಜ್ಜಿ ಪಲ್ಯದ ಪಾತ್ರೆ ತರಲು ಎದ್ದಿದ್ದಳು. ಸೊಸೆ ಅನ್ನ ಬಡಿಸುತ್ತಲೇ, ತಾನೂ ಮಗಳೂ ಇನ್ನು ಆ ಸೀಟಿನಲ್ಲಿ ಕೂರುವುದಿಲ್ಲ ಎಂದಳು.

"ಮತ್ತೆ ಎಲ್ಲಿ ಕೂರ್ತೀರ, ಟಾಪ್ ಮೇಲಾ?" ಎಂದ ಗಂಡ.

"ನಗೋ ಮಾತಲ್ಲ ರೀ. ಹಲಗೆ ಜಾರ್ತಿದೆ. ಗೆರೆ ಹಾಕಿ ನೋಡಿದೀನಿ. ಅರ್ಧ ಸೆಂಟಿಮೀಟರ್ ಮುಂದಕ್ಕೆ ಬಂದಿದೆ."

ಅಜ್ಜನ ತುತ್ತು ಅರ್ಧಕ್ಕೆ ನಿಂತಿತು. "ನನ್ನ ಕೆಲಸಕ್ಕೆ ಗೆರೆ ಹಾಕ್ದೆಯಾ?"

ಸೊಸೆ ಸೌಟನ್ನು ಪಾತ್ರೆಯಲ್ಲಿಟ್ಟಳು.

"ನಾನು ಕೂರಿಸಿದ ಬಾಗಿಲು ಈ ಊರಲ್ಲಿ ಎಷ್ಟಿವೆ ಗೊತ್ತಾ ನಿಂಗೆ? ಒಂದಾದ್ರೂ ಕಳಚಿ ಬಿದ್ದಿದ್ದು ಕೇಳಿದೀಯಾ?"

"ಬಾಗಿಲು ಓಡಲ್ಲ ಮಾವ."

ಹೇಳಬಾರದಿತ್ತು ಎಂದು ಅವಳಿಗೆ ಹೇಳಿದ ಮೇಲೆ ಅನ್ನಿಸಿತು. ಅಜ್ಜ ತಟ್ಟೆ ಸರಿಸಿ ಎದ್ದು ಹೋದ. ಅವನ ಕೋಣೆಯ ಬಾಗಿಲು, ಅವನೇ ಮಾಡಿದ್ದು, ಸದ್ದಿಲ್ಲದೆ ಮುಚ್ಚಿಕೊಂಡಿತು. ಪಲ್ಯ ಹಿಡಿದು ಬಂದ ಅಜ್ಜಿ ಎರಡು ಖಾಲಿ ಮುಖಗಳನ್ನೂ ಒಂದು ತುಂಬಿದ ತಟ್ಟೆಯನ್ನೂ ನೋಡಿ ನಿಂತಳು.

ಗಂಡ ಆಮೇಲೆ ಬಹಳ ಮಾತಾಡಿದ. ಅಪ್ಪ ಎರಡು ವರ್ಷದ ಮೇಲೆ ಮನುಷ್ಯನಾಗಿದ್ದ, ಅದನ್ನು ಒಂದು ಮಾತಿನಲ್ಲಿ ಹಾಳು ಮಾಡಿದೆ ಎಂದ. ಬೇಡವಾದರೆ ಬಸ್ಸಿನಲ್ಲಿ ಹೋಗು ನಿನ್ನ ತವರಿಗೆ ಎಂದ. ಆ ಮಾತು ಅವಳಿಗೆ ಚೆನ್ನಾಗಿಯೇ ಚುಚ್ಚಿತು.

"ನಿಂಗೆ ಸ್ವಲ್ಪ ತಡ್ಕೊಳ್ಳೋಕೆ ಆಗ್ಲಿಲ್ವಾ?" ಎಂದು ಕೊನೆಗೆ ಕೇಳಿದ.

"ತಡ್ಕೊಳ್ಳೋ ಕೆಲಸ ನಂದಲ್ಲ. ಸೀಟಿಂದು," ಎಂದಳು.

ಆ ವಾರ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಅಜ್ಜ ಕೋಣೆಯಲ್ಲೇ ಉಣ್ಣುತ್ತಿದ್ದ. ಕೋಪ ಮಾಡಿಕೊಂಡು ಹೋದ ಮಗ ಮಾತ್ರ ರಸ್ತೆಯಲ್ಲಿ ಮೊಟ್ಟೆಯ ಬುಟ್ಟಿ ಹೊತ್ತವನ ಹಾಗೆ ಗಾಡಿ ಓಡಿಸತೊಡಗಿದ. ನೂರು ಅಡಿ ದೂರದಿಂದಲೇ ಬ್ರೇಕು ತುಳಿಯುತ್ತಿದ್ದ. ಹಿಂದಿನವರು ಹಾರ್ನ್ ಬಡಿದು ಬೈದರೂ ಸಹಿಸಿಕೊಂಡ. ಗುರುವಾರ ಗಿರಾಕಿಯ ಮನೆ ಮುಂದೆ ಯಾರೂ ಇಲ್ಲದಾಗ ಹಿಂದೆ ಹತ್ತಿ, ಸೀಟಿಗೆ ಕಾಲು ಕೊಟ್ಟು ಒದ್ದು ನೋಡಿದ. ಸೀಟು ಅಲುಗಲಿಲ್ಲ. ಸಮಾಧಾನವೂ ಆಗಲಿಲ್ಲ. ಅಪ್ಪನ ಕೆಲಸವನ್ನು ಕಾಲಿಂದ ಒದ್ದೆನಲ್ಲ ಎಂಬ ಸಂಕಟ ಬೇರೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ಅವನದು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಜ್ಜಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಸೊಸೆಯ ಹತ್ತಿರ ಸರಿದಳು. "ನನ್ನ ಮೊಣಕಾಲು ನೋವಿತ್ತು ಅಂದ್ಕೊಂಡ್ಯಾ? ಐವತ್ತು ವರ್ಷ ಇವರು ಮಾಡಿದ ಮಂಚದ ಮೇಲೆ ಮಲಗಿದೀನಿ, ಒಂದಿನ ಭಯ ಆಗಿಲ್ಲ. ಆ ಸೀಟಲ್ಲಿ ಕೂತ್ರೆ ಮಾತ್ರ ಜೀವ ಕೈಲಿ ಹಿಡ್ಕೊಂಡಂಗೆ ಆಗುತ್ತೆ ಕಣೆ."

"ಮತ್ತೆ ಅವತ್ತೇ ಹೇಳ್ಬೇಕಿತ್ತಲ್ಲ ಅತ್ತೆ."

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ನೀನು ಕಟ್ಟಿದೆ. ಅನುಭವಿಸು."

ಶುಕ್ರವಾರ ಮಗ ವ್ಯಾನಿನಿಂದ ಇಳಿದವನೇ ಹೆಂಡತಿಯನ್ನು ಕರೆದು ಗೆರೆ ತೋರಿಸಿದ. ಗೆರೆ ಒಂದೇ ಆಗಿತ್ತು, ಕೂದಲಷ್ಟೂ ಅಂತರವಿಲ್ಲ. ನೋಡಿದೆಯಾ, ಮರ ತಾನಾಗಿ ಕೂತುಕೊಂಡಿತು ಎಂದ. ಅವನ ಮುಖದಲ್ಲಿ ಅಷ್ಟು ನೆಮ್ಮದಿ ಕಂಡು ಅವಳು ಹೂಂ ಎಂದಳು. ಆದರೆ ಬಿಟ್ಟ ಹೊಲಿಗೆ ತಾನಾಗಿ ಕೂಡಿಕೊಂಡದ್ದನ್ನು ಅವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಮರುದಿನ ಬೆಳಗ್ಗೆ ಹಾಲು ತರಲು ಬಾಗಿಲು ತೆಗೆದಳು. ವ್ಯಾನಿನ ಪಕ್ಕದ ಬಾಗಿಲು ಸ್ವಲ್ಪ ಸರಿದಿತ್ತು. ಒಳಗೆ ಅಜ್ಜ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಮರದ ಕೊಡತಿ, ಅದರ ತಲೆಗೆ ಬಟ್ಟೆ ಸುತ್ತಿತ್ತು. ಮನೆಯವರಿಗೆ ಕೇಳದಂತೆ, ಮುಂದೆ ಬಂದ ಹಲಗೆಯನ್ನು ಹಿಂದಕ್ಕೆ ತಳ್ಳಿ, ಬೆಣೆಗಳನ್ನು ಒಂದೊಂದಾಗಿ ಬಡಿದು ಬಿಗಿಯುತ್ತಿದ್ದ. ಬಡಿದು, ಕನ್ನಡಕ ಸರಿಮಾಡಿಕೊಂಡು, ಗೆರೆಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದ.

ಅವಳಿಗೆ ಈವರೆಗಿನ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆಗ. ಗೊತ್ತಿಲ್ಲದವರಿಗೆ ಹೇಳಬಹುದು. ಗೊತ್ತಿದ್ದೂ ಮುಚ್ಚಿಡುವವರಿಗೆ ಏನು ಹೇಳುವುದು? ಹಾಲಿನ ಪಾತ್ರೆ ಗೋಡೆಗೆ ತಾಗಿ ಸದ್ದಾಯಿತು.

ಅಜ್ಜ ತಲೆ ಎತ್ತಿದ. "ನೋಡ್ದೆಯಾ?"

"ನೋಡಿದೆ ಮಾವ."

ಕೊಡತಿ ಕೆಳಗಿಟ್ಟ ಮೇಲೆ ಅಜ್ಜನ ಕೈ ನಡುಗತೊಡಗಿತು. ಅವನು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

ಟೀ ಕುಡಿಯುವಾಗ ಅವನೇ ಹೊರಗೆ ಬಂದು ಎಲ್ಲರ ಮುಂದೆ ಮಗನಿಗೆ ಹೇಳಿದ. ನಾಳೆ ಭಾನುವಾರ, ಹಳೆ ಗೋದಾಮಿನ ಅಂಗಳ ಖಾಲಿ ಇರುತ್ತೆ. ನಾನು ಹಿಂದಿನ ಸೀಟಲ್ಲಿ ಬೆಲ್ಟು ಹಾಕಿಕೊಂಡು ಕೂರ್ತೀನಿ. ನೀನು ಐವತ್ತರ ಸ್ಪೀಡಲ್ಲಿ ಹೋಗಿ ಒಂದೇ ಸಲ ಬ್ರೇಕು ತುಳಿ. ನನ್ನ ಕೆಲಸಕ್ಕೆ ನಾನೇ ಸಾಕ್ಷಿ.

ಮಗ ಲೋಟ ಇಟ್ಟ. ಆಗಲ್ಲ ಎಂದ. ನಿಂಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ ಎಂದು ಅಜ್ಜ ಕೇಳಿದ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೂರಲ್ಲ ಎಂದು ಜಗಳ ತೆಗೆದ ಸೊಸೆಯೇ ಈಗ ಮಾವನ ಎದುರು ಬಂದು ನಿಂತಳು.

"ಕೂರ್ಲೇಬೇಕು ಅಂದ್ರೆ ಮರಳು ಕೂರ್ಲಿ. ನನ್ನ ತೂಕಕ್ಕೆ ಒಂದು ಮೂಟೆ, ಅತ್ತೆ ತೂಕಕ್ಕೆ ಒಂದು, ಚಿಣ್ಣಿ ತೂಕಕ್ಕೆ ಒಂದು. ನಿಮ್ಮ ಸೀಟು ಗೆದ್ರೆ ನಾನು ನಿಮ್ಮ ಕಾಲು ಹಿಡ್ಕೋತೀನಿ ಮಾವ."

ಅಜ್ಜ ಅವಳ ಮುಖ ನೋಡಿ ಆಗಲಿ ಎಂದು ತಲೆಯಾಡಿಸಿದ.

ಪಕ್ಕದಲ್ಲಿ ಕಟ್ಟುತ್ತಿದ್ದ ಕಟ್ಟಡದಿಂದ ಮರಳು ಬಂತು. ಮೂವರೂ ತೂಕದ ಯಂತ್ರ ಹತ್ತಿ ಇಳಿದರು. ಅಜ್ಜಿ, "ಈ ವಯಸ್ಸಲ್ಲಿ ನನ್ನ ಮಾನ ಹೋಗ್ಬೇಕಾ" ಎಂದು ಕಣ್ಣು ಮುಚ್ಚಿಕೊಂಡು ಹತ್ತಿದಳು. ಅಜ್ಜಿ ಅರವತ್ತೆಂಟು ಕಿಲೋ, ಸೊಸೆ ಐವತ್ತನಾಲ್ಕು, ಚಿಣ್ಣಿ ಇಪ್ಪತ್ತಮೂರು. ಮೂಟೆಗಳನ್ನು ಸೀಟಿಗೆ ಕೂರಿಸಿ ಬೆಲ್ಟು ಬಿಗಿದರು. ಚಿಣ್ಣಿ ತನ್ನ ನೀಲಿ ಸ್ವೆಟರ್ ತಂದು ಚಿಕ್ಕ ಮೂಟೆಗೆ ತೊಡಿಸಿ ತೋಳು ಎಳೆದು ಸರಿಮಾಡಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಯಾವುದು ನಾನು ಅಂತ ಗೊತ್ತಾಗ್ಲಿ" ಎಂದಳು.

ಗೋದಾಮಿನ ಅಂಗಳ ಉದ್ದಕ್ಕೆ ಕಾಂಕ್ರೀಟು. ಈ ತುದಿಯಲ್ಲಿ ಹೆಂಗಸರು, ಮಗು. ನಡುವೆ ಅಜ್ಜ. ಅವನು ಎತ್ತಿದ ಕೈ ಇಳಿಸಿದಾಗ ಮಗ ಬ್ರೇಕು ತುಳಿಯಬೇಕು. ವ್ಯಾನು ಆ ತುದಿಯಿಂದ ಹೊರಟಿತು. ಅಜ್ಜ ಕೈ ಎತ್ತಿದ, ಅದು ನಡುಗುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಸೊಸೆ ಮಗಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಕೈ ಇಳಿಯಿತು.

ಈ ಸಲ ಟಕ್ ಎನ್ನಲಿಲ್ಲ. ಇಡೀ ಮನೆ ಒಮ್ಮೆಲೇ ಕುಸಿದ ಸದ್ದು ಬಂತು.

ಸೊಸೆ ಓಡಿದಳು. ಮಗ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದು ಕೂತೇ ಇದ್ದ. ತುಟಿ ಒಡೆದಿತ್ತು. ಏನಾಯ್ತು ರೀ ಎಂದರೆ ತಲೆಯಾಡಿಸಿದ. ಅವಳು ಪಕ್ಕದ ಬಾಗಿಲು ಎಳೆದಳು.

ಹಲಗೆ, ಅದರ ಮೇಲಿನ ಸೀಟು, ಹಿಂದಿನ ಗೂಡುಗಳು, ಎಲ್ಲ ಒಟ್ಟಿಗೆ ಒಂದು ಮೊಳ ಮುಂದಕ್ಕೆ ಬಂದು ಮುಂದಿನ ಸೀಟಿನ ಬೆನ್ನಿಗೆ ಅಪ್ಪಳಿಸಿದ್ದವು. ಬೆಲ್ಟುಗಳು ಕಳಚಿರಲಿಲ್ಲ, ಮೂಟೆಗಳನ್ನು ಬಿಗಿಯಾಗಿಯೇ ಹಿಡಿದಿದ್ದವು. ಗೂಡಿನಿಂದ ಹಾರಿದ ಗರಗಸ ಅಜ್ಜಿಯ ಮೂಟೆಯ ಮೇಲೆ ಅಡ್ಡ ಬಿದ್ದಿತ್ತು. ನಡುವಿನ ಚಿಕ್ಕ ಮೂಟೆ ತನ್ನ ಸೀಟಿಗೂ ಮುಂದಿನ ಸೀಟಿನ ಕಬ್ಬಿಣಕ್ಕೂ ನಡುವೆ ಸಿಕ್ಕಿ ಒಡೆದಿತ್ತು. ನೀಲಿ ಸ್ವೆಟರಿನ ಕುತ್ತಿಗೆಯಿಂದ ಮರಳು ಸುರಿಯುತ್ತಿತ್ತು.

ಅಜ್ಜ ಎಲ್ಲರಿಗಿಂತ ತಡವಾಗಿ ಬಂದ. ಒಳಗೆ ಹತ್ತಿ, ಸೀಟಿನಲ್ಲಿ ಮರಕ್ಕೆ ಮರ ಕೂಡಿದ ಜಾಗಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

"ಒಂದೂ ಬಿಚ್ಚಿಲ್ಲ," ಎಂದ.

ಅದರಲ್ಲಿ ಹೆಮ್ಮೆ ಇರಲಿಲ್ಲ. ಐವತ್ತು ವರ್ಷದ ವಿದ್ಯೆ ಒಂದಿಷ್ಟೂ ತಪ್ಪದೆ, ಇಡಿಯಾಗಿ, ಮೊಮ್ಮಗಳ ಬೆನ್ನ ಹಿಂದಿನಿಂದ ಬಂದಿತ್ತು. ಅವನು ಸ್ವೆಟರನ್ನು ಬಿಡಿಸಿಕೊಂಡು ಕೊಡವತೊಡಗಿದ. ಎಷ್ಟು ಕೊಡವಿದರೂ ಮರಳು ಬರುತ್ತಲೇ ಇತ್ತು. ವ್ಯಾನಿನ ಮೆಟ್ಟಿಲ ಮೇಲೆ ಕೂತು, ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಅಜ್ಜ ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ, ಅಜ್ಜಿ ಕೂಡ.

"ಇವತ್ತು ಬೆಳಗ್ಗೆನೂ ಬೆಣೆ ಬಿಗಿದಿದ್ದೆ ಕಣಮ್ಮ," ಎಂದ. "ಬಿಗಿದು, ಸಾಕು ಅಂದ್ಕೊಂಡೆ."

ಸೊಸೆಗೆ ಗೆದ್ದೆ ಎನ್ನಿಸಲಿಲ್ಲ. ಅವನ ಪಕ್ಕದಲ್ಲೇ ಕೂತಳು. ಏಳಿ ಮಾವ, ಮನೆಗೆ ಹೋಗೋಣ ಎಂದಳು. ವ್ಯಾನನ್ನು ಮಗನೊಬ್ಬನೇ ತಂದ. ಉಳಿದವರು ಆ ಬಿಸಿಲಲ್ಲಿ ನಡೆದೇ ಬಂದರು. ಚಿಣ್ಣಿ ಅಜ್ಜನ ನಡುಗುವ ಕೈ ಹಿಡಿದುಕೊಂಡಿದ್ದಳು.

ಸೋಮವಾರ ಅಜ್ಜ ಯಾರಿಗೂ ಹೇಳದೆ ವೆಲ್ಡಿಂಗಿನವನ ಅಂಗಡಿಗೆ ಹೋದ. ಒಂದೇ ಬೀದಿಯಲ್ಲಿದ್ದು ನಲವತ್ತು ವರ್ಷ ಇಬ್ಬರೂ ಒಬ್ಬರ ಕೆಲಸವನ್ನು ಒಬ್ಬರು ಆಡಿಕೊಂಡವರು. "ತಗಡಿಗೆ ತೂತು ಹೊಡಿ," ಎಂದ ಅಜ್ಜ. ವೆಲ್ಡಿಂಗಿನವನು ಇಂಥದೊಂದು ದಿನಕ್ಕೆ ಎಷ್ಟು ಮಾತು ಕೂಡಿಟ್ಟಿದ್ದನೋ. ಅಜ್ಜನ ಮುಖ ನೋಡಿ ಒಂದನ್ನೂ ಆಡಲಿಲ್ಲ. ಎಷ್ಟು ತೂತು ಎಂದಷ್ಟೇ ಕೇಳಿದ.

ಕೆಲಸ ಹತ್ತು ದಿನ ಹಿಡಿಯಿತು. ನೆಲದ ಕೆಳಗಿನಿಂದ ದಪ್ಪ ಪಟ್ಟಿ ಕೊಟ್ಟು, ಗಾಡಿಯ ಎಲುಬಿಗೇ ಕಬ್ಬಿಣದ ಚೌಕಟ್ಟು ಬೋಲ್ಟು ಮಾಡಿದರು. ಬೆಲ್ಟುಗಳ ಕೊಂಡಿಯೂ ಅದಕ್ಕೇ. ಸಾಮಾನಿನ ಗೂಡುಗಳಿಗೂ ಸೀಟಿಗೂ ನಡುವೆ ಕಬ್ಬಿಣದ ಜಾಲರಿ ಬಂತು. ಅಜ್ಜ ಮಾಡಿದ ಮರದ ಸೀಟು ಆ ಚೌಕಟ್ಟಿನ ಮೇಲೆ ಕೂತಿತು. ಡ್ರಿಲ್ಲು ತಗಡಿಗೆ ಇಳಿದಾಗಲೆಲ್ಲ ಅಜ್ಜ ಮುಖ ಕಿವುಚುತ್ತಿದ್ದ. ಆದರೂ ಲೈಟು ಹಿಡಿದುಕೊಂಡು ನಿಂತು, ಪ್ರತಿ ತೂತಿನ ಅಂಚಿಗೂ ತುಕ್ಕು ಹಿಡಿಯದ ಬಣ್ಣವನ್ನು ತಾನೇ ಬಳಿದ.

ಮತ್ತೆ ಗೋದಾಮಿನ ಅಂಗಳ, ಮತ್ತೆ ಮೂರು ಮೂಟೆ. ಚಿಣ್ಣಿ ಒಗೆದ ಸ್ವೆಟರ್ ತಂದಳು. ಅಜ್ಜ ಅದನ್ನು ಅವಳ ಕೈಯಿಂದ ಕಿತ್ತುಕೊಂಡು, "ಅದಕ್ಕೆ ತೊಡಿಸ್ಬೇಡ" ಎಂದ. ಬ್ರೇಕು ಬಿತ್ತು. ಟೈರು ಕಿರುಚಿತು, ಬೇರೇನೂ ಆಗಲಿಲ್ಲ. ಮತ್ತೊಂದು ಸಲ ಎಂದ ಅಜ್ಜ. ಆಮೇಲೆ ಇನ್ನೊಂದು ಸಲ. ಸಂಜೆ ಕಿವಿಯ ಮೇಲಿನ ದಪ್ಪ ಪೆನ್ಸಿಲ್ ತೆಗೆದು, ಹೊಸ ಗೆರೆಯನ್ನು ಅವನೇ ಎಳೆದ. ಅರ್ಧ ಮರದ ಮೇಲೆ, ಅರ್ಧ ತಗಡಿನ ಮೇಲೆ.

ತಂಗಿಗೆ ಮಗುವಾದ ಸುದ್ದಿ ಬಂದ ನಾಲ್ಕನೇ ದಿನ ಹೊರಟರು. ಬುತ್ತಿ, ನೀರು, ಮಗುವಿನ ಬಟ್ಟೆ. ಅಜ್ಜಿ ಮೊಣಕಾಲಿನ ಸುದ್ದಿ ಎತ್ತದೆ ಹತ್ತಿ ಕೂತಳು, ಒಂದು ಕೈ ಮಾತ್ರ ಬಾಗಿಲ ಹಿಡಿಯನ್ನು ಬಿಡಲಿಲ್ಲ. ಅಜ್ಜ ಮಗನ ಪಕ್ಕದಲ್ಲಿ. ರೈಲ್ವೆ ಗೇಟಿನ ಬಳಿ ಗಾಡಿ ನಿಂತಿತು. ಸೊಸೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಕಾದಳು. ಸದ್ದಿಲ್ಲ. ಅವಳು ಉಸಿರು ಬಿಡುವಷ್ಟರಲ್ಲಿ ಮುಂದಿನಿಂದ ದನಿ ಬಂತು.

"ಗೆರೆ?"

ಅಜ್ಜನ ಕುತ್ತಿಗೆ ಅಷ್ಟು ಹಿಂದೆ ತಿರುಗುತ್ತಿರಲಿಲ್ಲ. ರಸ್ತೆ ನೋಡುತ್ತಲೇ ಕೇಳಿದ್ದ. ಅವಳು ಬಾಗಿಲ ಕಡೆ ಬಗ್ಗಿ ನೋಡಿದಳು. "ಒಂದೇ ಇದೆ ಮಾವ."

ಸರ್ಕಲ್ಲಿನಲ್ಲಿ ಮತ್ತೆ ಕೇಳಿದ. ಪೆಟ್ರೋಲ್ ಬಂಕಿನಲ್ಲಿ ಕೇಳಿದ. ಬೆಟ್ಟ ಹತ್ತಲು ಶುರುವಾದ ಮೇಲೆ ತಿರುವಿಗೊಂದು ಸಲ ಕೇಳಿದ. ಮಗ ಒಮ್ಮೆ, "ಅಪ್ಪ, ಸಾಕು" ಎಂದ. ಅಜ್ಜನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟನೋ. ಸೊಸೆಗೆ ಮೊದಲು ನಗು ಬಂತು, ಆಮೇಲೆ ಬೇಸರ, ಆಮೇಲೆ ಎರಡೂ ಇಲ್ಲ. ತನ್ನ ಎದೆಯಿಂದ ಇಳಿದ ಭಯ ಎಲ್ಲಿಗೆ ಹೋಯಿತೆಂದು ಅವಳಿಗೆ ತಿಳಿಯಿತು.

ಬೆಟ್ಟ ಇಳಿಯುವಾಗ ಚಿಣ್ಣಿ ನೀಲಿ ಸ್ವೆಟರ್ ಹೊದ್ದು ಅಮ್ಮನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಕಡಿದಾದ ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಮಗ ಜೋರಾಗಿಯೇ ಬ್ರೇಕು ತುಳಿದ. ಬೆಲ್ಟು ಎದೆಗೆ ಒತ್ತಿತು, ಅಜ್ಜಿ "ಅಯ್ಯೋ" ಎಂದಳು. ಲಾರಿ ಪಕ್ಕದಿಂದ ಸರಿದು ಹೋಯಿತು. ಮುಂದಿನಿಂದ ಪ್ರಶ್ನೆ ಬರಲಿಲ್ಲ. ಸೊಸೆ ನೋಡಿದಳು. ಅಜ್ಜ ಕಣ್ಣು ಮುಚ್ಚಿಕೊಂಡು, ಎರಡೂ ಕೈಯಿಂದ ಮುಂದಿನ ಹಿಡಿಯನ್ನು ಹಿಡಿದಿದ್ದ. ಅವನಿಗೆ ಕೇಳುವ ಧೈರ್ಯವಿರಲಿಲ್ಲ.

"ಒಂದೇ ಇದೆ ಮಾವ," ಎಂದಳು ಅವಳು ತಾನಾಗಿ.

ಅಜ್ಜ ಕಣ್ಣು ತೆರೆಯಲಿಲ್ಲ. "ನೋಡಿ ಹೇಳಮ್ಮ," ಎಂದ.

ಅವಳು ಮಗಳ ತಲೆಯನ್ನು ಅತ್ತೆಯ ಭುಜಕ್ಕೆ ಸರಿಸಿದಳು. ಬೆಲ್ಟು ಬಿಡುವಷ್ಟೂ ಬಗ್ಗಿ, ಅಡ್ಡವಿದ್ದ ಬುತ್ತಿಯ ಚೀಲವನ್ನು ಪಕ್ಕಕ್ಕೆ ತಳ್ಳಿ, ಗೆರೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದಳು.

"ನೋಡಿದೆ ಮಾವ," ಎಂದಳು. "ಒಂದೇ."